‘ರೇಖಾತ್ಮಕ’ದ ಎದುರಿಗೆ ಗೋಡೆಯ ಮೇಲೆ ಏನು ಬರೆಸೋಣ?

ಸಿಂಧನೂರಿನಿಂದ:
ಎಲ್ಲರಿಗೂ ನಮಸ್ಕಾರ. ಎಂಟನೇ ತರಗತಿಯ ಗೋಡೆ ಮೇಲೆ ಎರಡು ಲೆಕ್ಕ ಎದುರುಬದುರು ಬರೆಸುತ್ತಿದ್ದೇವೆ. ಪೇಂಟರ್ ನಾಳೆ ಬೆಳಿಗ್ಗೆ ಬರುತ್ತಾನೆ.

ಮೊದಲನೆಯದು ಭತ್ತ ಸಾಗಿಸುವ ಲೆಕ್ಕ. ಲಾರಿ ಬಾಡಿಗೆ 500 ರೂಪಾಯಿ, ಚೀಲಕ್ಕೆ 20 ರೂಪಾಯಿ ಹಮಾಲಿ. ಚೀಲ 10, 20, 30 ಆದರೆ ಖರ್ಚು 700, 900, 1100. ಪ್ರತಿ ಸಲ 200 ಏರುತ್ತದೆ. ಎರಡನೆಯದು ಚೌಕ ಗದ್ದೆ. ಬದಿ 10, 20, 30 ಮೀಟರ್ ಆದರೆ ವಿಸ್ತೀರ್ಣ 100, 400, 900 ಚದರ ಮೀಟರ್. ಇಲ್ಲಿ ಏರಿಕೆ ಮೊದಲು 300, ಆಮೇಲೆ 500.

ಮೊದಲನೆಯದರ ನಕ್ಷೆ ಒಂದೇ ನೇರಗೆರೆ, ಅದಕ್ಕೆ ಪಠ್ಯದ ‘ರೇಖಾತ್ಮಕ’ ಅನ್ನೋ ಪದ ಇದೆ. ಎರಡನೆಯದಕ್ಕೆ ‘ಅರೇಖಾತ್ಮಕ’ ಅನ್ನಬಹುದಾ? ಗೆರೆಯೇ ಇಲ್ಲದ್ದು ಅಂತ ಮಕ್ಕಳು ತಿಳಿದಾರು.

ಬಳ್ಳಾರಿಯಿಂದ:
ಬೇಡ. ಬಾಗಿದ್ದೂ ರೇಖೆಯೇ, ವಕ್ರರೇಖೆ ಅಂತ ನಾವೇ ಕಲಿಸುತ್ತೇವೆ. ‘ನೇರಗೆರೆ ಲೆಕ್ಕ’, ‘ಬಾಗುಗೆರೆ ಲೆಕ್ಕ’ ಅಂತ ಬರೆಸಿ. ‘ಗೆರೆ’ ಅನ್ನೋದು ‘ಗೀರು’ವಿನ ನಂಟಿನ ಪದ, ‘ರೇಖೆ’ಯ ತದ್ಭವ ಅಲ್ಲ. ಮನೆಯಲ್ಲೇ ಪದ ಇರುವಾಗ ಸಂಸ್ಕೃತದ ಬಾಗಿಲು ಯಾಕೆ ತಟ್ಟಬೇಕು?

ಕೊಪ್ಪಳದಿಂದ:
‘ಬಾಗುಗೆರೆ’ ಗಣಿತದಲ್ಲೇ ತಪ್ಪು, ಸರ್. ಆಟೋಗೆ ಮೊದಲ 2 ಕಿಲೋಮೀಟರಿನೊಳಗೆ ಎಷ್ಟೇ ದೂರ ಹೋದರೂ 30 ರೂಪಾಯಿ, ಆಮೇಲೆ ಕಿಲೋಮೀಟರಿಗೆ 15 ಅಂತಿಟ್ಟುಕೊಳ್ಳಿ. ನಕ್ಷೆಯಲ್ಲಿ ಎರಡು ನೇರ ತುಂಡುಗಳು ಬರುತ್ತವೆ. ಎಲ್ಲೂ ದುಂಡಗೆ ಬಾಗಿಲ್ಲ. ಆದರೂ ಪೂರ್ತಿ ಒಂದೇ ಸರಳರೇಖೆ ಅಲ್ಲ, ಹಾಗಾಗಿ ರೇಖಾತ್ಮಕ ಅಲ್ಲ. ನೋಡಬೇಕಾದ್ದು ಬದಲಾವಣೆಯನ್ನು. ಒಂದು ಕಡೆ ಸಮ ಹೆಜ್ಜೆ ಇಟ್ಟರೆ ಇನ್ನೊಂದು ಕಡೆಯೂ ಯಾವಾಗಲೂ ಸಮ ಬದಲಾವಣೆ ಆಗಬೇಕು. ಏರಿಕೆಯೇ ಆಗಬೇಕಂತಿಲ್ಲ, ಇಳಿದರೂ ಸರಿ.

‘ಅ’ ಬಿಟ್ಟುಬಿಡಿ. ‘ರೇಖಾತ್ಮಕ’, ‘ರೇಖಾತ್ಮಕವಲ್ಲದ್ದು’ ಸಾಕು. ಪರೀಕ್ಷೆಯಲ್ಲಿ ಮಕ್ಕಳು ನೋಡುವುದು ಅದೇ ಪದ.

ಬಳ್ಳಾರಿಯಿಂದ:
ಪರೀಕ್ಷೆಯ ಹೆಸರಲ್ಲಿ ಎಷ್ಟು ದಿನ ಈ ‘ಆತ್ಮಕ’ಗಳನ್ನು ಹೊರೋದು?

ಕೊಪ್ಪಳದಿಂದ:
‘ಹಮಾಲಿ’ ಅರಬ್ಬಿಯಿಂದ ಬಂತು, ‘ಜಮೀನು’ ಪಾರ್ಸಿಯಿಂದ ಬಂತು. ರಾಯಚೂರು, ಕೊಪ್ಪಳ 1948ರ ತನಕ ನಿಜಾಮರ ಕೆಳಗಿದ್ದವು. ನಿಮ್ಮ ಬಳ್ಳಾರಿ 1953ರ ತನಕ ಮದ್ರಾಸಿನ ಕೆಳಗಿತ್ತು. ಪದಗಳು ಎಲ್ಲ ಕಡೆಯಿಂದ ಬಂದವು, ಕನ್ನಡ ನಿಂತೇ ಇದೆ. ಮಕ್ಕಳಿಗೆ ತಿಳಿಯಬೇಕು, ಅದು ಮುಖ್ಯ ಅಲ್ವಾ?

ಬಳ್ಳಾರಿಯಿಂದ:
ಬಂದದ್ದು ಇರಲಿ. ಇದ್ದದ್ದನ್ನು ಯಾಕೆ ಓಡಿಸುತ್ತೀರಿ?

ಸಿಂಧನೂರಿನಿಂದ:
ಇಬ್ಬರಿಗೂ ಧನ್ಯವಾದ. ತಲೆಬರಹ ‘ರೇಖಾತ್ಮಕ’, ‘ರೇಖಾತ್ಮಕವಲ್ಲದ್ದು’. ಅದರ ಕೆಳಗೆ ‘ನಕ್ಷೆ ಒಂದೇ ನೇರಗೆರೆ’, ‘ನಕ್ಷೆ ಒಂದೇ ನೇರಗೆರೆ ಅಲ್ಲ’ ಅಂತ ಬರೆಸುತ್ತೇನೆ. ಆಟೋ ಲೆಕ್ಕವನ್ನೂ ಸೇರಿಸುತ್ತೇನೆ, ಗೋಡೆಯಲ್ಲಿ ಜಾಗ ಇದೆ.