ಪಾಂಡಾಸ್ 2.2 ಇದ್ದರೂ ಪಿಪ್ ಇಲ್ಲ ಅನ್ನುತ್ತೆ, ಈಗ ಟರ್ಮಿನಲ್ಲೂ ಹೋಯ್ತು

ಮೂಲೆಮನೆ:
ಉಬುಂಟು 20.04, ಅದರ ಜೊತೆಗೇ ಬಂದ ಪೈಥಾನ್ 3.8. ಗೆಳೆಯ ಕೊಟ್ಟ ಸ್ಕ್ರಿಪ್ಟಿಗೆ ಪಾಂಡಾಸ್ (ಡೇಟಾ ಕೆಲಸದ ಪೈಥಾನ್ ಲೈಬ್ರರಿ) 2.2 ಬೇಕು. ಪೈಥಾನ್ ಪ್ಯಾಕೇಜುಗಳ ಭಂಡಾರ ಪೈಪಿಐನಲ್ಲಿ ಕಣ್ಣಿಗೆ ಕಾಣ್ತಿದೆ, ಅಲ್ಲಿಂದ ತಂದು ಹಾಕುವ ಪಿಪ್ ಮಾತ್ರ ಅಂಥ ಆವೃತ್ತಿ ಸಿಗಲಿಲ್ಲ ಅನ್ನುತ್ತೆ. ಆವೃತ್ತಿ ಹೇಳದಿದ್ದರೆ ತೆಪ್ಪಗೆ 2.0.3 ತಂದು ಕೂರಿಸುತ್ತೆ. ಎಲ್ಲೋ ಓದಿ ಪೈಥಾನ್ 3.10 ಹಾಕಿ, ಸಿಸ್ಟಮ್ಮಿನ ಪೈಥಾನ್3 ಲಿಂಕನ್ನು (ಆ ಹೆಸರು ಕರೆದರೆ ಯಾವ ಆವೃತ್ತಿ ಓಡಬೇಕು ಅನ್ನೋ ಕೊಂಡಿ) ಅದಕ್ಕೆ ತಿರುಗಿಸಿದೆ. ಅಲ್ಲಿಂದ ಟರ್ಮಿನಲ್ ಐಕಾನ್ ಒತ್ತಿದರೆ ಸ್ವಲ್ಪ ಹೊತ್ತು ಸುತ್ತಿ ಮಾಯ. ದಾರಿ ಹೇಳಿ.

ಬೈಟು ಕಾಫಿ:
ಅಯ್ಯೋ ಮಾರಾಯ್ರೆ, ಆ ಲಿಂಕಿಗೆ ಕೈ ಹಾಕಬಾರದಿತ್ತು! ಉಬುಂಟುವಿನ ಗ್ನೋಮ್ ಟರ್ಮಿನಲ್ ಶುರುವಾಗೋದೇ ಒಂದು ಪುಟ್ಟ ಪೈಥಾನ್ ಸ್ಕ್ರಿಪ್ಟಿನಿಂದ. ಅದಕ್ಕೆ ಬೇಕಾದ 'ಜಿಐ' ಮಾಡ್ಯೂಲ್ 3.8ಕ್ಕೆ ಕಟ್ಟಿದ್ದು, 3.10ರ ಕೈಗೆ ಸಿಗಲ್ಲ. ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿ, ಕಪ್ಪು ಪರದೆಯಲ್ಲಿ ಲಾಗಿನ್ ಆಗಿ ಲಿಂಕನ್ನು 3.8ಕ್ಕೇ ವಾಪಸ್ ತಿರುಗಿಸಿ. 3.8 ಅಳಿಸೋಕೆ ಮಾತ್ರ ಹೋಗಬೇಡಿ, ಅರ್ಧ ಡೆಸ್ಕ್‌ಟಾಪ್ ಅದರ ಜೊತೆ ಹೋಗುತ್ತೆ.

ಇನ್ನು ಪಿಪ್. ಅದು ಸುಳ್ಳು ಹೇಳ್ತಿಲ್ಲ. ಪ್ರತಿ ಬಿಡುಗಡೆಯ ಜೊತೆ 'ರಿಕ್ವೈರ್ಸ್-ಪೈಥಾನ್' ಅನ್ನೋ ಒಂದು ಸಾಲು ಇರುತ್ತೆ. ಪಾಂಡಾಸ್ 2.1ರಿಂದ ಅದು 3.9 ಅಥವಾ ಮೇಲಿನದು ಅಂತಿದೆ. ಪಿಪ್ ಆ ಸಾಲು ನೋಡಿ, ನಿಮ್ಮ 3.8ಕ್ಕೆ ಒಗ್ಗುವ ಕೊನೆಯದನ್ನು ಆರಿಸುತ್ತೆ. ಹಳೆಯದನ್ನು ಯಾರೂ ಅಳಿಸಿಲ್ಲ, ಅದಕ್ಕೇ 2.0.3 ಬಂತು. 20.04ರ ಹಳೇ ಪಿಪ್ ಈ ಕಾರಣ ಬಾಯಿಬಿಡಲ್ಲ; ಹೊಸ ಪಿಪ್ ಯಾವುದನ್ನು ಯಾಕೆ ಬಿಟ್ಟೆ ಅಂತ ಬರೆಯುತ್ತೆ. ಪ್ಯಾಕೇಜ್ ಮಾಡಿದವರು ಆ ಸಾಲು ಮರೆತಿದ್ದರೆ ಇನ್ನೂ ಗೋಳು: ಇನ್‌ಸ್ಟಾಲ್ ಸಲೀಸು, ಇಂಪೋರ್ಟ್ ಮಾಡಿದಾಗ ಢಮಾರ್.

ಮೂಲೆಮನೆ:
ಟರ್ಮಿನಲ್ ಬಂತು, ಬದುಕಿದೆ! 3.10ರಲ್ಲಿ ವೆನ್ವ್ (ಸಿಸ್ಟಮ್ಮಿನದನ್ನು ಮುಟ್ಟದ ಪ್ರತ್ಯೇಕ ಪೈಥಾನ್ ಜಾಗ) ಮಾಡಿದರೆ ಅದಕ್ಕೆ ಪಿಪ್ ಕೂರಿಸುವ 'ಎನ್ಶೂರ್‌ಪಿಪ್' ಇಲ್ಲ ಅಂತಿದೆ.

ಬೈಟು ಕಾಫಿ:
3.10ರ ವೆನ್ವ್ ಪ್ಯಾಕೇಜನ್ನು ಉಬುಂಟುವಿನ ಇನ್‌ಸ್ಟಾಲ್ ಸಾಧನ ಆಪ್ಟ್‌ನಲ್ಲಿ ಬೇರೆಯಾಗಿ ಹಾಕಬೇಕು. ಹಾಕಿದ ಮೇಲೆ ಆ ಅರೆಬರೆ ಫೋಲ್ಡರ್ ಅಳಿಸಿ ಹೊಸದಾಗಿ ಮಾಡಿ.

ಹಳೇಯಂತ್ರ:
ನಡುವೆ ಬಾಯಿ ಹಾಕ್ತೀನಿ. ಪೈಥಾನ್ 3.8ಕ್ಕೆ ಬೆಂಬಲ ಮುಗಿದಿದ್ದು 2024ರ ಅಕ್ಟೋಬರ್‌ನಲ್ಲಿ, ಉಬುಂಟು 20.04ರ ಉಚಿತ ಬೆಂಬಲ 2025ರ ಮೇನಲ್ಲಿ. 3.10ರ ಗಡುವೂ 2026ರ ಅಕ್ಟೋಬರ್. ಹಾಗಾಗಿ ಪೂರ್ತಿ ಉಬುಂಟು 24.04ಕ್ಕೇ ಹೋಗೋದು ವಾಸಿ, ಅಲ್ಲಿ ಪೈಥಾನ್ 3.12 ಜೊತೆಗೇ ಬರುತ್ತೆ, ಪಾಂಡಾಸ್ 2.2ಕ್ಕೂ ಸಾಕು. ಆದರೆ 3.12ರಲ್ಲಿ ಪ್ಯಾಕೇಜ್ ಕಟ್ಟುವ ಹಳೇ ಮಾಡ್ಯೂಲ್ 'ಡಿಸ್ಟ್‌ಯುಟಿಲ್ಸ್' ತೆಗೆದಿದ್ದಾರೆ, ಗೆಳೆಯರ ಸ್ಕ್ರಿಪ್ಟಿನಲ್ಲಿ ಆ ಹೆಸರು ಇದೆಯಾ ಹುಡುಕಿ ನೋಡಿ.

ಮೂಲೆಮನೆ:
ಎರಡು ಕಡೆ ಇದೆ ಸರ್. ಸದ್ಯಕ್ಕೆ 3.10 ವೆನ್ವ್‌ನಲ್ಲೇ ಓಡಿಸ್ತೀನಿ, 2.2 ಕೂತಿದೆ. ಆ ಎರಡು ಸಾಲು ತಿದ್ದೋಕೆ ಗೆಳೆಯನಿಗೆ ಹೇಳಿದೀನಿ.