ಅಮಿಗಾ ಕಂಪ್ಯೂಟರು ನಮ್ಮ ಕಾಸರಗೋಡಿನ ಸ್ಟುಡಿಯೋಗಳಿಗೆ ಏಕೆ ಬರಲಿಲ್ಲ?

ಕುಂಬಳೆಯವ (ಪ್ರಶ್ನೆ):
ನನ್ನ ಸೋದರಮಾವನವರಿಗೆ ಕುಂಬಳೆಯಲ್ಲಿ ಸ್ಟುಡಿಯೋ ಇತ್ತು. 1990ರ ದಶಕವಿಡೀ ಅವರು ಮದುವೆ, ಯಕ್ಷಗಾನಗಳ ಕ್ಯಾಸೆಟ್‌ಗಳನ್ನು ಎರಡು ವಿಸಿಆರ್ (ವಿಡಿಯೋ ಕ್ಯಾಸೆಟ್ ಯಂತ್ರ) ಜೋಡಿಸಿಯೇ ಮಿಕ್ಸಿಂಗ್, ಎಂದರೆ ದೃಶ್ಯಗಳನ್ನು ಆಯ್ದು ಜೋಡಿಸುವ ಕೆಲಸ, ಮಾಡುತ್ತಿದ್ದರು. ಕಮೊಡೋರ್ ಕಂಪನಿಯ ಅಮಿಗಾ ಎಂಬ ಮನೆಬಳಕೆಯ ಕಂಪ್ಯೂಟರಿಗೆ 1990ರಲ್ಲಿ ನ್ಯೂಟೆಕ್‌ನವರು ವಿಡಿಯೋ ಟೋಸ್ಟರ್ ಎಂಬ ಕಾರ್ಡನ್ನು ತಂದ ಮೇಲೆ, ಟೀವಿ ಕೇಂದ್ರಗಳಿಗಷ್ಟೇ ಸಾಧ್ಯವಿದ್ದ ಕೆಲಸಗಳು ಅಮೆರಿಕದಲ್ಲಿ ಸಣ್ಣಪುಟ್ಟವರ ಕೈಗೂ ಎಟುಕಿದವೆಂದು ಓದಿದೆ. ಅದು ನಮ್ಮ ಕಡೆಗೆ ಬಾರದಿರಲು ಹಣವೊಂದೇ ಕಾರಣವೇ?

ಮಂಜೇಶ್ವರದ ಓದುಗ:
ಹಣಕ್ಕಿಂತ ಮೊದಲಿನ ಅಡ್ಡಿಯೊಂದಿತ್ತು. ಅಮಿಗಾ ಅಗ್ಗವಾಗಿಯೂ ವಿಡಿಯೋ ಕೆಲಸಕ್ಕೆ ಒದಗಿದ್ದು, ಅದರ ಒಳಗಿನ ಗತಿಯನ್ನೇ ಟೀವಿ ಸಂಕೇತದ ಗತಿಗೆ ಹೊಂದಿಸಿ ಕಟ್ಟಿದ್ದರಿಂದ. ಅಮಿಗಾದಲ್ಲಿ ನಮ್ಮ ದೇಶದ ಟೀವಿ ಪದ್ಧತಿಯಾದ ಪಾಲ್‌ಗೆ ಹೊಂದುವ ಮಾದರಿಯೂ ಇತ್ತು. ಟೋಸ್ಟರ್ ಮಾತ್ರ ಅಮೆರಿಕದ ಎನ್‌ಟಿಎಸ್‌ಸಿ ಪದ್ಧತಿಗೆ, ಎಂದರೆ 525 ಗೆರೆ ಹಾಗೂ ಸೆಕೆಂಡಿಗೆ ಸುಮಾರು 30 ಚಿತ್ರಗಳ ಲೆಕ್ಕಕ್ಕೆ, ಕಟ್ಟುಬಿದ್ದಿತ್ತು. ಭಾರತದ್ದು 625 ಗೆರೆ, 25 ಚಿತ್ರಗಳ ಪಾಲ್ ಪದ್ಧತಿಯಾದುದರಿಂದ, ಯಾರಾದರೂ ಅದನ್ನು ಹೊತ್ತು ತಂದಿದ್ದರೂ ಕಪಾಟಿನಲ್ಲಿಡಬೇಕಾಗುತ್ತಿತ್ತು.

ಇನ್ನೊಂದು ಮಾತು. ಆರಂಭದ ಟೋಸ್ಟರ್ ದೃಶ್ಯಗಳನ್ನು ಬೆರೆಸುವ, ಅಕ್ಷರ ಮೂಡಿಸುವ ಯಂತ್ರವೇ ಹೊರತು ಟೇಪಿನ ಬದಲಿಯಲ್ಲ. ವಿಸಿಆರ್‌ನಿಂದ ಬರುವ ಅಸ್ಥಿರ ಚಿತ್ರವನ್ನು ನೇರ್ಪಡಿಸಲು ಟೈಮ್ ಬೇಸ್ ಕರೆಕ್ಟರ್ ಎಂಬ ಪ್ರತ್ಯೇಕ ಉಪಕರಣವೂ ಬೇಕಿತ್ತು. ನಿಮ್ಮ ಮಾವನವರ ಎರಡು ವಿಸಿಆರ್‌ಗಳು ಆಗಲೂ ಮೇಜಿನ ಮೇಲೆಯೇ ಇರುತ್ತಿದ್ದವು. 1994ರಲ್ಲಿ ಕಮೊಡೋರ್ ದಿವಾಳಿಯೂ ಆಯಿತು.

ಬದಿಯಡ್ಕದ ಹಳೆಯ ಕ್ಯಾಮರಾದವ:
ನಮಗೆ ಬಾಗಿಲು ತೆರೆದದ್ದು 1995ರಲ್ಲಿ ಬಂದ, ಚಿತ್ರವನ್ನು ಅಂಕಿಗಳಾಗಿ ದಾಖಲಿಸುವ ಡಿವಿ ಟೇಪು ಮತ್ತು ಅದನ್ನು ಕ್ಯಾಮರಾದಿಂದ ಕಂಪ್ಯೂಟರಿಗೆ ಸಾಗಿಸುವ ಫೈರ್‌ವೈರ್ ತಂತಿ. ಅವು ನಮ್ಮ ಊರನ್ನು ಮುಟ್ಟಿದ್ದು ಕೆಲವು ವರ್ಷಗಳ ನಂತರ. ಅದಕ್ಕೆ ಮುಂಚೆ ವಿಎಚ್‌ಎಸ್‌ನಲ್ಲಿ ಮೂರನೆಯ ಪ್ರತಿ ತೆಗೆಯುವಷ್ಟರಲ್ಲಿ ಬಣ್ಣದ ವೇಷದ ಕೆಂಪು ಮುಖದ ಗೆರೆ ದಾಟಿ ಹಬ್ಬುತ್ತಿತ್ತು, ಚುಟ್ಟಿಯ ಬಿಳಿ ಚುಕ್ಕೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತಿದ್ದವು. ಡಿವಿಯಲ್ಲಿ ಕ್ಯಾಮರಾದ ಅಂಕಿಗಳೇ ಹಾಗೆಹಾಗೇ ಕಂಪ್ಯೂಟರಿಗೆ ಇಳಿಯುವುದರಿಂದ ಪ್ರತಿಗೂ ಮೂಲಕ್ಕೂ ವ್ಯತ್ಯಾಸವೇ ಇರಲಿಲ್ಲ. ಅದಕ್ಕೆ ಸಾಧಾರಣ ಪೆಂಟಿಯಂ ಕಂಪ್ಯೂಟರ್, ಒಂದು ಕಾರ್ಡ್, ಪ್ರೀಮಿಯರ್‌ನಂಥ ಮಿಕ್ಸಿಂಗ್ ತಂತ್ರಾಂಶ ಸಾಕಾಗುತ್ತಿತ್ತು.

ಕಷ್ಟವೆಲ್ಲ ಜಾಗದ್ದು. ಗಂಟೆಗೆ ಸುಮಾರು 13 ಜಿಬಿಯಂತೆ, ಎಂಟು ಗಂಟೆಯ ಯಕ್ಷಗಾನಕ್ಕೆ ನೂರು ಜಿಬಿಗೂ ಮಿಕ್ಕಿ ಬೇಕು. ನನ್ನ ಡಿಸ್ಕ್ ಇದ್ದದ್ದು 40 ಜಿಬಿ. ಅದೂ ಅಲ್ಲದೆ ಡಿಸ್ಕಿನಲ್ಲಿ ಫೈಲುಗಳನ್ನು ಇಡುವ ಎಫ್‌ಎಟಿ32 ಎಂಬ ವ್ಯವಸ್ಥೆಯಲ್ಲಿ ಒಂದು ಫೈಲು 4 ಜಿಬಿ ದಾಟುವಂತಿರಲಿಲ್ಲ, ಎಂದರೆ ಹತ್ತೊಂಬತ್ತು ನಿಮಿಷಕ್ಕೆ ಒಂದು ತುಂಡು. ಭಾಗವತರು ಪದ್ಯ ಎತ್ತಿದಲ್ಲಿಯೇ ತುಂಡು ಮುಗಿದು, ಟೇಪನ್ನು ಹಿಂದಕ್ಕೆ ಸುತ್ತಿ ಮತ್ತೆ ಇಳಿಸಿಕೊಂಡದ್ದು ಎಷ್ಟು ಸಲವೋ. ರೆಂಡರ್, ಎಂದರೆ ಜೋಡಿಸಿದ ದೃಶ್ಯಗಳಿಂದ ಕಂಪ್ಯೂಟರು ಪೂರ್ಣ ಚಿತ್ರ ಕಟ್ಟುವ ಕೆಲಸ, ಆಗುತ್ತಿರುವಾಗ ಕರೆಂಟು ಹೋದರಂತೂ ರಾತ್ರಿಯ ಕೆಲಸವೆಲ್ಲ ನೀರಿನಲ್ಲಿ ಹೋಮ.

ಕುಂಬಳೆಯವ:
ಇಬ್ಬರಿಗೂ ಕೃತಜ್ಞತೆಗಳು. ಮಾವನವರಲ್ಲಿ ವಿಚಾರಿಸಿದೆ. 2002ರಲ್ಲಿ ಕಂಪ್ಯೂಟರ್ ಕೊಂಡ ಮೇಲೂ ಒಂದು ವಿಸಿಆರ್ ಇಟ್ಟುಕೊಂಡಿದ್ದರಂತೆ: ಮಿಕ್ಸಿಂಗ್ ಕಂಪ್ಯೂಟರಿನಲ್ಲಿ ಮುಗಿದರೂ ಮದುವೆಮನೆಯವರು ಕೇಳುತ್ತಿದ್ದುದು ಕ್ಯಾಸೆಟ್ಟನ್ನೇ.