ತೀರ್ಥಹಳ್ಳಿಯ ತೋಟದ ಮನೆಗೆ ಟಿವಿ, ಇಂಟರ್ನೆಟ್, ಫೋನ್: ಮೂರನ್ನೂ ಒಂದೇ ಸಂಸ್ಥೆಯಿಂದ ಪಡೆಯಬಹುದೇ?

ತೋಟದಮನೆ:

ತೀರ್ಥಹಳ್ಳಿಯಿಂದ ಒಳಗೆ, ಅಡಿಕೆ ತೋಟದ ನಡುವಿನ ಮನೆಯಲ್ಲಿ ನನ್ನ ತಂದೆ ತಾಯಿ ಇಬ್ಬರೇ ಇದ್ದಾರೆ, ನಾನಿರುವುದು ಬೆಂಗಳೂರಿನಲ್ಲಿ. ಮನೆಯಲ್ಲಿ ತಾಮ್ರದ ತಂತಿಯ ಹಳೆಯ ಬಿಎಸ್‌ಎನ್‌ಎಲ್ ದೂರವಾಣಿ ಇದೆ, ಮಾಡಿನ ಮೇಲೆ ಡಿಟಿಎಚ್ ಡಿಶ್ ಇದೆ, ಮೊಬೈಲ್ ಸಿಗ್ನಲ್ ಮಾತ್ರ ಅಂಗಳದ ತುದಿಗೆ ಹೋಗಿ ನಿಂತರಷ್ಟೇ ಸಿಗುತ್ತದೆ. ಈಗ ಖಾಸಗಿ ಸಂಸ್ಥೆಯೊಂದರ ಪ್ರತಿನಿಧಿ ಬಂದು, ಒಂದೇ ಫೈಬರ್ ಎಳೆಯಲ್ಲಿ ಮೂರನ್ನೂ ಕೊಡುವುದಾಗಿಯೂ ಧಾರಾವಾಹಿ, ಸಿನಿಮಾ ನೋಡುವ ಇಪ್ಪತ್ತು ಆ್ಯಪ್ ಅದರಲ್ಲೇ ಸೇರಿವೆಯೆಂದೂ ವರ್ಷದ ಹಣ ಮುಂಗಡ ಕಟ್ಟಿದರೆ ಒಂದು ತಿಂಗಳು ಉಚಿತವೆಂದೂ ಹೇಳಿ ಹೋಗಿದ್ದಾರೆ. ಬಿಎಸ್‌ಎನ್‌ಎಲ್ ಫೈಬರ್ ಕೂಡ ಪಕ್ಕದ ಮನೆಯವರೆಗೆ ಬಂದಿದೆ. 08181ರ ನಮ್ಮ ಸಂಖ್ಯೆ ನೆಂಟರಿಷ್ಟರಿಗೂ ಅಡಿಕೆ ಮಂಡಿಯವರಿಗೂ ಬಾಯಿಪಾಠವಾಗಿರುವುದರಿಂದ ಅದನ್ನು ಬಿಡಲು ತಂದೆಗೆ ಮನಸ್ಸಿಲ್ಲ. ತಾಯಿಗೆ ಸಂಜೆಯ ಧಾರಾವಾಹಿಗಳು ತಪ್ಪಬಾರದು. ನನಗೆ ವಾರಕ್ಕೆರಡು ಬಾರಿಯಾದರೂ ಅವರ ಮುಖ ನೋಡಿ ಮಾತನಾಡಬೇಕು. ತಿಳಿದವರು ದಾರಿ ತೋರಿಸಬೇಕಾಗಿ ವಿನಂತಿ.

ತಂತಿಮನೆ:

ಮೊದಲು ಸಂಖ್ಯೆಯ ವಿಷಯ. ಸಂಖ್ಯೆ ಬದಲಿಸದೆ ಸಂಸ್ಥೆ ಬದಲಿಸುವ ಸೌಲಭ್ಯ ನಮ್ಮಲ್ಲಿರುವುದು ಮೊಬೈಲಿಗೆ, ಸ್ಥಿರ ದೂರವಾಣಿಗಲ್ಲ. ಆದ್ದರಿಂದ ಖಾಸಗಿ ಸಂಸ್ಥೆಗೆ ಹೋದರೆ ಹೊಸ ಸಂಖ್ಯೆಯೇ ಗತಿ. ಬಿಎಸ್‌ಎನ್‌ಎಲ್‌ನಲ್ಲೇ ತಾಮ್ರದಿಂದ ಫೈಬರಿಗೆ ಬದಲಾಗುವವರು ಹಳೆಯ ಸಂಖ್ಯೆಯನ್ನು ಉಳಿಸಿಕೊಳ್ಳಬಹುದು. ಆದರೆ ಅರ್ಜಿಯಲ್ಲಿ ಹೊಸ ಸಂಪರ್ಕ ಎಂದು ಬರೆಯದೆ, ಇರುವ ಸಂಪರ್ಕದ ಪರಿವರ್ತನೆ ಎಂದೇ ಬರೆಸಿ.

ಇದಕ್ಕಿಂತ ದೊಡ್ಡ ಸಂಗತಿಯೊಂದಿದೆ. ತಾಮ್ರದ ದೂರವಾಣಿಗೆ ವಿದ್ಯುತ್ ಬರುವುದು ಎಕ್ಸ್‌ಚೇಂಜಿನ 48 ವೋಲ್ಟ್ ಬ್ಯಾಟರಿಯಿಂದ, ಅದೇ ತಂತಿಯ ಮೂಲಕ. ಊರಿಡೀ ಕತ್ತಲಾದರೂ ಫೋನ್ ಜೀವಂತವಾಗಿರುವುದು ಆ ಕಾರಣಕ್ಕೆ. ಫೈಬರಿನ ಗಾಜಿನ ಎಳೆ ಒಯ್ಯುವುದು ಬೆಳಕನ್ನು ಮಾತ್ರ. ಮನೆಯ ಮೋಡೆಮ್‌ಗೆ ಕರೆಂಟ್ ತಪ್ಪಿದ ಕ್ಷಣವೇ ಇಂಟರ್ನೆಟ್ಟೂ ಫೋನೂ ಒಟ್ಟಿಗೆ ನಿಲ್ಲುತ್ತವೆ. ಒಳಗೆ ಮೊಬೈಲ್ ಸಿಗ್ನಲ್ ಇಲ್ಲದ ಮನೆಯಲ್ಲಿ ಇಬ್ಬರು ಹಿರಿಯರೇ ಇರುವಾಗ, ರಾತ್ರಿ ಹೊತ್ತು ಯಾರಿಗಾದರೂ ಹುಷಾರಿಲ್ಲದಾದರೆ ಏನು ಮಾಡುವುದು ಎಂದು ಯೋಚಿಸಿ. ಹೆಚ್ಚಿನ ಮೋಡೆಮ್‌ಗಳು 12 ವೋಲ್ಟ್‌ನಲ್ಲಿ ನಡೆಯುತ್ತವೆ, ಅವಕ್ಕೆಂದೇ ಸಿಗುವ ಪುಟ್ಟ ಯುಪಿಎಸ್ ಕೆಲವು ಗಂಟೆ ತಾಳುತ್ತದೆ. ಇನ್ವರ್ಟರ್ ಇದ್ದರೆ ಅದಕ್ಕೇ ಜೋಡಿಸಿ. ಎಳೆಯ ಆಚೆ ತುದಿಯಲ್ಲಿ ಸಂಸ್ಥೆಯವರ ಪೆಟ್ಟಿಗೆಯೊಂದಿರುತ್ತದೆ. ಅದಕ್ಕೆ ಬ್ಯಾಟರಿ ಇದೆಯೇ, ಎಷ್ಟು ಹೊತ್ತು ಬರುತ್ತದೆ ಎಂದು ಕೇಳದೆ ಹಣ ಕಟ್ಟಬೇಡಿ.

ಕೊಪ್ಪದವಳು:

ನನ್ನ ಅಭಿಪ್ರಾಯದಲ್ಲಿ ಟಿವಿಯನ್ನು ಬೇರೆಯಾಗಿಯೇ ಇಡಿ. ಆಷಾಢದ ಜಡಿಮಳೆಯಲ್ಲಿ ಡಿಶ್‌ನ ಚಿತ್ರ ಮಾಯವಾಗುವುದು ನಿಜ, ಏಕೆಂದರೆ ಅದು ಬಳಸುವ ಕೆಯು ಬ್ಯಾಂಡ್ ತರಂಗಗಳು ದಟ್ಟ ಮಳೆಯಲ್ಲಿ ಸೊರಗುತ್ತವೆ; ಆದರೆ ಮಳೆ ತಗ್ಗಿದೊಡನೆ ಚಿತ್ರ ತಾನಾಗಿಯೇ ಮರಳುತ್ತದೆ. ಫೈಬರಿಗೆ ಮಳೆಯ ಹಂಗಿಲ್ಲ, ಆದರೆ ಕಂಬದಿಂದ ಕಂಬಕ್ಕೆ ಎಳೆದ ಎಳೆಯ ಮೇಲೆ ಕೊಂಬೆ ಬಿದ್ದರೆ ಯಾರಾದರೂ ಬಂದು ಜೋಡಿಸುವವರೆಗೆ ಏನೂ ಇಲ್ಲ. ಕಳೆದ ಮಳೆಗಾಲದಲ್ಲಿ ನಮ್ಮ ಮನೆಯ ಎಳೆ ಹನ್ನೊಂದು ದಿನ ಕಡಿದು ಬಿದ್ದಿತ್ತು. ಮೂರೂ ಒಂದೇ ಎಳೆಯಲ್ಲಿದ್ದುದರಿಂದ ಮೂರೂ ಹೋದವು, ವರ್ಷದ ಹಣ ಮೊದಲೇ ಕಟ್ಟಿದ್ದರಿಂದ ಬಿಟ್ಟುಬಿಡುವಂತೆಯೂ ಇರಲಿಲ್ಲ. ಆ ಹನ್ನೊಂದು ದಿನ ನನ್ನ ಅತ್ತೆ ತಮ್ಮ ಮಗಳ ದನಿ ಕೇಳದೆ ಕಳೆದರು. ಒಂದು ತಿಂಗಳು ಉಚಿತ ಎಂಬ ಮಾತಿಗೆ ಮರುಳಾಗದೆ, ಮೊದಲ ಮಳೆಗಾಲ ಮುಗಿಯುವವರೆಗೆ ತಿಂಗಳು ತಿಂಗಳೇ ಕಟ್ಟಿ.

ಇಪ್ಪತ್ತು ಆ್ಯಪ್ ಸೇರಿವೆ ಎಂಬ ಪಟ್ಟಿಯನ್ನೂ ಓದಿ ನೋಡಿ. ಜೀ ಕನ್ನಡದ ಧಾರಾವಾಹಿಗಳು ಜೀ5ರಲ್ಲಿರುತ್ತವೆ, ಉದಯದವು ಸನ್ ನೆಕ್ಸ್ಟ್‌ನಲ್ಲಿ. ನಿಮ್ಮ ತಾಯಿ ನೋಡುವುದು ಆ ಪಟ್ಟಿಯಲ್ಲಿ ಇಲ್ಲದಿದ್ದರೆ ಉಳಿದ ಹತ್ತೊಂಬತ್ತರಿಂದ ಪ್ರಯೋಜನವಿಲ್ಲ. ಡಿಡಿ ಫ್ರೀ ಡಿಶ್‌ಗೆ ತಿಂಗಳ ಶುಲ್ಕವಿಲ್ಲ, ಚಂದನವೂ ಬರುತ್ತದೆ, ಆದರೆ ಖಾಸಗಿ ಕನ್ನಡ ಧಾರಾವಾಹಿಗಳಿಗೆ ಅದನ್ನು ನೆಚ್ಚುವಂತಿಲ್ಲ.

ಸಾಗರದಿಂದ:

ದರ ಹೋಲಿಸುವಾಗ ಶೇ 18ರ ಜಿಎಸ್‌ಟಿ ಸೇರಿಸಿಯೇ ಹೋಲಿಸಿ. 599 ರೂಪಾಯಿ ಎಂದು ಅಚ್ಚಾದ ಯೋಜನೆಗೆ ಕೈಯಿಂದ ಹೋಗುವುದು ಸುಮಾರು 707. ಟಿವಿಯಲ್ಲಿ ವಾಹಿನಿಗಳ ಬೆಲೆಯ ಮೇಲೆ ಜಾಲದ ಶುಲ್ಕ ಬೇರೆ. 200 ವಾಹಿನಿಗಳಿಗೆ 130 ರೂಪಾಯಿ ಎಂಬ ಮಿತಿಯನ್ನು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2024ರಲ್ಲಿ ತೆಗೆದುಹಾಕಿರುವುದರಿಂದ ಅದನ್ನೂ ವಿಚಾರಿಸಿಕೊಳ್ಳಿ. ವೇಗದ ಚಿಂತೆ ಬೇಡ: ಎಚ್‌ಡಿ ವಿಡಿಯೊ ಒಂದಕ್ಕೆ ಸುಮಾರು 5 ಎಂಬಿಪಿಎಸ್ ಸಾಕು, ಇಬ್ಬರಿರುವ ಮನೆಗೆ 30 ಧಾರಾಳವಾಯಿತು. ಎಳೆ ಕಡಿದಾಗ ಫೋನಿನಲ್ಲಿ ದೂರಿ ಸುಮ್ಮನಾಗದೆ ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಪರಿಹಾರ ಸಿಗದಿದ್ದರೆ ಅದೇ ಸಂಸ್ಥೆಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಲು ಆ ಸಂಖ್ಯೆ ಬೇಕು.

ತೋಟದಮನೆ:

ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು. ನಿನ್ನೆ ತಂದೆಯವರೊಂದಿಗೆ ಮಾತನಾಡಿದೆ. ಡಿಶ್ ಇದ್ದಂತೆಯೇ ಇರಲಿ, ದೂರವಾಣಿಯನ್ನು ಫೈಬರಿಗೆ ಪರಿವರ್ತಿಸೋಣ ಎಂದು ಒಪ್ಪಿದ್ದಾರೆ. ಒಂದೇ ಅಳುಕು ಉಳಿದಿದೆ: ಫೈಬರ್ ಸರಿಯಾಗಿ ನಡೆಯುವ ಮೊದಲೇ ತಾಮ್ರದ ಸಂಪರ್ಕ ಕಡಿದುಬಿಟ್ಟರೆ?

ತಂತಿಮನೆ:

ಆ ಅಳುಕು ಸರಿಯಾದದ್ದೇ. ಜೋಡಿಸಲು ಬಂದವರ ಎದುರಿಗೇ ಬೆಂಗಳೂರಿನಿಂದ ನೀವು ಆ ಸಂಖ್ಯೆಗೆ ಕರೆ ಮಾಡಿ, ಆಮೇಲೆ ಮೋಡೆಮ್ ಯುಪಿಎಸ್‌ಗೋ ಇನ್ವರ್ಟರಿಗೋ ಜೋಡಿಸಿರುವಾಗಲೇ ಮನೆಯ ಮೇನ್ ಸ್ವಿಚ್ ಆರಿಸಲು ಹೇಳಿ ಇನ್ನೊಮ್ಮೆ ಕರೆ ಮಾಡಿ. ಎರಡೂ ಸಲ ಗಂಟೆ ಬಾರಿಸಿದ ಮೇಲೆಯೇ ತಂದೆಯವರು ಸಹಿ ಹಾಕಲಿ.